ಆರು ಗಂಟೆಯ ಸರದಿ

ಎಲ್ಲಕ್ಕೂ ಮೂಲ ಒಂದು ಒದ್ದೆ ಬಟ್ಟೆ.

ಮೂರು ವಾರದ ಹಿಂದೆ ದಕ್ಷಿಣಾಮೂರ್ತಿ ಪೀತಮ್‌ಪುರದ ಮನೆಯಿಂದ ನಸುಕಿನಲ್ಲೇ ಹೊರಟು, ಮಾನೇಸರ್ ಆಚೆಯ ಕುದುರೆ ಲಾಯಕ್ಕೆ ಎಲ್ಲರಿಗಿಂತ ಮೊದಲು ಬಂದು, ಗೋಡೆಯ ಬಿಳಿ ಬೋರ್ಡಿನಲ್ಲಿ ‘ಆರು ಗಂಟೆ’ ಎಂಬುದರ ಎದುರಿಗೆ ತನ್ನ ಹೆಸರು ಬರೆದಿದ್ದ. ಕುದುರೆಗೆ ನೀರು ಕುಡಿಸಿ ಹಿಂದಿರುಗುವಷ್ಟರಲ್ಲಿ ಆ ಹೆಸರು ಹೋಗಿ ಅಲ್ಲಿ ‘ದಿಲೀಪ್’ ಎಂದಿತ್ತು. ಬೋರ್ಡಿನ ಕೆಳಗೆ ಒಂದು ಒದ್ದೆ ಬಟ್ಟೆ ಬಿದ್ದಿತ್ತು. ಯಾರು ಒರೆಸಿದರು ಎಂದು ಅವನು ಕೇಳಲಿಲ್ಲ. ಅವನು ಕೇಳುವವನೇ ಅಲ್ಲ. ಕೇಳದೆ ಉಳಿಸಿಕೊಂಡ ಪ್ರಶ್ನೆಗಳನ್ನು ಒಂದರ ಮೇಲೊಂದು ಪೇರಿಸಿ, ಹತ್ತೊಂಬತ್ತು ವರ್ಷಗಳಲ್ಲಿ ಒಳಗೊಳಗೇ ಒಂದು ದಪ್ಪ ಕಡತ ಮಾಡಿಕೊಂಡಿದ್ದ.

ಹತ್ತೊಂಬತ್ತು ವರ್ಷ ಏಕೆಂದರೆ ಅಷ್ಟು ವರ್ಷದಿಂದ ದಿಲೀಪ್ ಅವನ ಷಡ್ಡಕ. ಹೆಂಡತಿ ಲಾವಣ್ಯಾಳ ತಂಗಿ ಸುಶೀಲಾಳ ಗಂಡ. ಕುಂದಾಪುರದ ಕಡೆಯವನು, ಗುರುಗ್ರಾಮದಲ್ಲಿ ಮೂರು ಹೋಟೆಲು ನಡೆಸುವವನು. ದಕ್ಷಿಣಾಮೂರ್ತಿ ಕೇಂದ್ರ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ಷಡ್ಡಕರಲ್ಲಿ ಹಿರಿಯನಾಗಿರುವುದು ಅವನ ಆಫೀಸಿನ ಸೀನಿಯಾರಿಟಿಯ ಹಾಗೆಯೇ ಇತ್ತು. ಪಟ್ಟಿಯಲ್ಲಿ ಮೇಲಿರುವವನು ಅವನು, ಬಡ್ತಿ ಕೆಳಗಿನವನಿಗೆ.

ತುಮಕೂರಿನ ಅತ್ತೆ ಮನೆಯ ಷೋಕೇಸಿನಲ್ಲಿ, ತಿರುಪತಿ ತಿಮ್ಮಪ್ಪನಿಗೂ ಸುಶೀಲಾ ಹತ್ತನೇ ಕ್ಲಾಸಿನಲ್ಲಿ ಗೆದ್ದ ಸ್ಟೀಲಿನ ಕಪ್ಪಿಗೂ ನಡುವೆ, ದಿಲೀಪ್ ಎತ್ತರದ ಕಂದು ಕುದುರೆಯ ಮೇಲೆ ಕೂತ ಫೋಟೋ ಇತ್ತು. ಬಂದವರೆಲ್ಲ ಅದನ್ನು ಕೈಗೆತ್ತಿಕೊಂಡು ನೋಡಿ ಇಡುತ್ತಿದ್ದರು. ದಕ್ಷಿಣಾಮೂರ್ತಿಯ ಫೋಟೋ ಇರಲಿಲ್ಲವೆಂದಲ್ಲ. ಮದುವೆ ಆಲ್ಬಮ್ಮಿನಲ್ಲಿತ್ತು. ಆಲ್ಬಮ್ ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ಎಲ್ಲಿದೆಯೆಂದು ಅತ್ತೆಗೆ ನೆನಪಿರಲಿಲ್ಲ.

ಈ ಭಾನುವಾರ ಅತ್ತೆ ವಿಜಯಮ್ಮ ದೆಹಲಿಯಲ್ಲಿದ್ದರು. ಒಂಬತ್ತೂ ಮುಕ್ಕಾಲಿಗೆ ಅವರ ವಿಮಾನ. ಲಾಯಕ್ಕೆ ಬಂದು ಅಳಿಯಂದಿರ ಸವಾರಿ ನೋಡಿಕೊಂಡು ಆರೂ ಮುಕ್ಕಾಲಿಗೆ ಅಲ್ಲಿಂದಲೇ ಹೊರಡುವವರಿದ್ದರು. “ನೀವು ಓಡಿಸೋವಾಗ ಒಂದು ಫೋಟೋ ತೆಗೀತೀನಿ. ಷೋಕೇಸಲ್ಲಿ ಇನ್ನೂ ಜಾಗ ಇದೆ,” ಎಂದು ಹಿಂದಿನ ದಿನ ದೊಡ್ಡಳಿಯನಿಗೆ ಸುಮ್ಮನೆ ಹೇಳಿದ್ದರು. ಅವರಿಗೆ ಅದು ಸುಮ್ಮನೆ ಹೇಳಿದ ಮಾತು. ದಕ್ಷಿಣಾಮೂರ್ತಿಗೆ ಅಲ್ಲ.

ಆ ಲಾಯ ರಿಸಾಲ್ದಾರ್ ಮಹಂತೇಶರದು. ಸೈನ್ಯದಿಂದ ನಿವೃತ್ತರಾದ ವಿಜಯಪುರದವರು. ಕುದುರೆ ಇಟ್ಟುಕೊಳ್ಳಲು ಮನೆಯಲ್ಲಿ ಜಾಗವಿಲ್ಲದ ಜನ ಅಲ್ಲಿ ಬಿಟ್ಟಿರುತ್ತಾರೆ, ಭಾನುವಾರ ಬಂದು ಸವಾರಿ ಮಾಡುತ್ತಾರೆ. ದಕ್ಷಿಣಾಮೂರ್ತಿಯ ಕುದುರೆ ನಿಜವಾಗಿ ಅವನದಲ್ಲ. ಗೌರಿ ಎಂಬ ಹದಿನೆಂಟು ವರ್ಷದ ಆ ಬಿಳಿಯ ಹೆಣ್ಣು ಕುದುರೆ ಮಹಂತೇಶರದೇ, ವಾರದ ಕೊನೆಗೆ ಮಾತ್ರ ಅವನ ಪಾಲು. ಒಂದು ವರ್ಷದ ಹಿಂದೆ ಯಾರದೋ ಜೊತೆ ಅಲ್ಲಿಗೆ ಬಂದಾಗ ಅದು ಅವನ ಡಬ್ಬಿಯ ಕೋಸಂಬರಿ ತಿಂದು, ಆಮೇಲೆ ಅವನ ಭುಜದ ಮೇಲೆ ತಲೆಯಿಟ್ಟಿತ್ತು. ಸಚಿವಾಲಯದಲ್ಲಿ ಇಪ್ಪತ್ನಾಲ್ಕು ವರ್ಷದಲ್ಲಿ ಯಾರೂ ಹಾಗೆ ಮಾಡಿರಲಿಲ್ಲ.

ದಿಲೀಪನ ಬ್ಯಾರನ್ ಹೊರದೇಶದ ತಳಿ. ಅದರ ಮೇಲೆ ಕೂತವನಿಗೆ ಪಕ್ಕದ ಹಳ್ಳಿಯ ಮಾಳಿಗೆಗಳ ಮೇಲೆ ಒಣಹಾಕಿದ ಮೆಣಸಿನಕಾಯಿ ಕಾಣುವಷ್ಟು ಎತ್ತರ.

ಸವಾರಿ ಮೈದಾನ ಒಂದೇ. ಒಂದು ಸಲಕ್ಕೆ ಒಂದೇ ಕುದುರೆ ಓಡಬಹುದಾದಷ್ಟು ಸಣ್ಣದು. ಜೂನ್ ಬಿಸಿಲಿನಲ್ಲಿ ಐದೂವರೆಯಿಂದ ಏಳೂವರೆ ಬಿಟ್ಟರೆ ಅಲ್ಲಿ ಮರಳು ಹುರಿಯುವ ಬಾಣಲೆ. ಭಾನುವಾರ ಬರುವ ಕುದುರೆ ನಾಲ್ಕು, ಅರ್ಧರ್ಧ ಗಂಟೆಯ ಸರದಿಯೂ ನಾಲ್ಕು. ಲೆಕ್ಕಕ್ಕೆ ಜಗಳವೇ ಇರಬಾರದು. ಆದರೆ ಐದೂವರೆಗೆ ಮೈದಾನದ ತುಂಬ ಧೂಳು, ಆರೂವರೆಗೆ ಬೆವರು, ಏಳಕ್ಕೆ ಬೆಂಕಿ. ಆರು ಗಂಟೆಗೆ ಮಾತ್ರ ನೀರಿನ ಟ್ಯಾಂಕರ್ ಬಂದು ಹೋಗಿರುತ್ತದೆ, ನೀಲಗಿರಿ ಮರಗಳ ಸಾಲಿನ ನೆರಳು ಇಡೀ ಮೈದಾನಕ್ಕೆ ಬಿದ್ದಿರುತ್ತದೆ. ಆ ಅರ್ಧ ಗಂಟೆ ಎಂಟು ತಿಂಗಳಿಂದ ದಿಲೀಪನದು.

ಒದ್ದೆ ಬಟ್ಟೆ ಕಂಡ ಮೇಲೆ ದಕ್ಷಿಣಾಮೂರ್ತಿ ಮಹಂತೇಶರ ಬಳಿ ಹೋಗಿ, “ಇದಕ್ಕೊಂದು ನ್ಯಾಯವಾದ ಪಟ್ಟಿ ಬೇಕು ಸಾರ್,” ಎಂದ. “ನೀವಽ ಮಾಡಿ ಕೊಡ್ರಿ ಸಾಹೇಬ್ರ. ಸರಕಾರದ ಮಂದಿ ನೀವು,” ಎಂದರು ಅವರು. ಆಫೀಸಿನಲ್ಲಿ ಯಾರಿಗೆ ಯಾವ ಕ್ವಾರ್ಟರ್ಸ್ ಮೊದಲು ಎಂಬ ಪಟ್ಟಿ ಮಾಡುವುದೇ ಅವನ ಕೆಲಸ. ಎರಡು ವಾರ ಕೂತು, ಮೂರು ಸಲ ತಿದ್ದಿ, ಒಂಬತ್ತು ನಿಯಮ ಬರೆದ. ಕುದುರೆಯ ವಯಸ್ಸಿಗೆ ಅಂಕ, ಸವಾರನ ಮನೆಯ ದೂರಕ್ಕೆ ಅಂಕ. ಗೌರಿ ಎಲ್ಲರಿಗಿಂತ ಮುದುಕಿ, ಪೀತಮ್‌ಪುರ ಎಲ್ಲರಿಗಿಂತ ದೂರ. ಬ್ಯಾರನ್ ಎಳೆಯದು, ದಿಲೀಪನ ಮನೆ ಹತ್ತಿರ. ಅಂಕ ಕೂಡಿದಾಗ ಆರು ಗಂಟೆ ತನಗೂ ಏಳು ಗಂಟೆ ದಿಲೀಪನಿಗೂ ಬಂದದ್ದು ಕಂಡು ಅವನಿಗೆ ತನ್ನ ನ್ಯಾಯಬುದ್ಧಿಯ ಬಗ್ಗೆ ಗೌರವ ಹುಟ್ಟಿತು.

ಆದರೆ ಅವನ ಜೀವವಿದ್ದದ್ದು ಏಳನೆಯ ನಿಯಮದಲ್ಲಿ. ಆರನೆಯದರ ಪ್ರಕಾರ ಮೈದಾನಕ್ಕೆ ಒಬ್ಬ ಉಸ್ತುವಾರಿಯನ್ನು ಎಲ್ಲರೂ ಸೇರಿ ಆರಿಸಬೇಕು. ಏಳರ ಪ್ರಕಾರ, ಪಕ್ಷಪಾತ ಬಾರದಿರಲೆಂದು, ಉಸ್ತುವಾರಿಯು ಸರದಿಯ ಹೊತ್ತಿನಲ್ಲಿ ಯಾವ ಕುದುರೆಯನ್ನೂ ಹತ್ತತಕ್ಕದ್ದಲ್ಲ. ಎಂಟರ ಪ್ರಕಾರ ಅವಧಿ ಒಂದು ವರ್ಷ, ನಡುವೆ ಬಿಡುವಂತಿಲ್ಲ. ದಿಲೀಪ್ ಎಲ್ಲರಿಗೂ ಬೇಕಾದವನು, ಪ್ರತಿ ಭಾನುವಾರ ವಡೆ ತಂದು ಹಂಚುವವನು. ಅವನ ಹೆಸರು ಹೇಳಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಅವನು ನಗುತ್ತ ಒಪ್ಪಿಕೊಳ್ಳುತ್ತಾನೆ. ಆಮೇಲೆ ಒಂದು ವರ್ಷ ನೆಲದ ಮೇಲೆ. ಒಂಬತ್ತನೆಯದು ಬರಿಯ ಅಲಂಕಾರ. ಯಾವುದಾದರೂ ಸರದಿ ಖಾಲಿ ಬಿದ್ದರೆ ಅದು ಪಟ್ಟಿಯ ಕೊನೆಯವನಿಗೆ. ಓದಿದವರಿಗೆ ಬರೆದವನು ದಯಾಳು ಎನ್ನಿಸಲಿ ಎಂದು ಹಾಕಿದ್ದ.

ಐದೂ ಕಾಲಿಗೆ ಗಂಡ ಹೆಂಡತಿ ಲಾಯ ತಲುಪಿದಾಗ ವಿಜಯಮ್ಮ ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಕೂತಿದ್ದರು. ಬೆನ್ನಿಗೆ ದಿಂಬು. ಪಕ್ಕದ ಸ್ಟೂಲಿನ ಮೇಲೆ ಫ್ಲಾಸ್ಕ್. ದಿಲೀಪನ ದೊಡ್ಡ ಕಾರಿನಲ್ಲಿ ಆಗಲೇ ಬಂದಿದ್ದರು.

“ಬಂದ್ರಾ ದೊಡ್ಡಳಿಯಂದ್ರೆ. ಏನಾದ್ರೂ ಕುಡಿದ್ರಾ?”

“ಇಲ್ಲ ಅತ್ತೆ. ನಾವೂ ಕಾಫಿ...”

“ದಿಲೀಪು ತಂದಿದಾರೆ ನೋಡಿ, ಫಿಲ್ಟರ್ ಕಾಫಿ. ಇನ್ನೂ ಹಬೆ ಆಡ್ತಿದೆ. ಇಷ್ಟು ಬೆಳಿಗ್ಗೆ ಇವರಿಗೆ ಹೇಗಾಗುತ್ತೋ.”

ದಕ್ಷಿಣಾಮೂರ್ತಿ ಕೈಯಲ್ಲಿದ್ದ ತನ್ನ ಫ್ಲಾಸ್ಕನ್ನು ಬೆನ್ನ ಹಿಂದಕ್ಕೆ ಸರಿಸಿದ. ಲಾವಣ್ಯಾ ಅದನ್ನು ತೆಗೆದುಕೊಂಡು ಹೋಗಿ ಕಾರಿನಲ್ಲಿಟ್ಟು ಬಂದಳು.

“ನಮಸ್ಕಾರ ಭಾವ,” ಎಂದ ದಿಲೀಪ್. ಹೊಳೆಯುವ ಬೂಟು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. “ಪಟ್ಟಿ ಇವತ್ತಿಂದ ಅಲ್ವಾ? ಒಳ್ಳೇದಾಯ್ತು.”

ಒಳ್ಳೇದಾಯ್ತು ಎಂದು ಅವನು ಎಲ್ಲದಕ್ಕೂ ಅನ್ನುತ್ತಿದ್ದ. ಅವನ ಮೇಲೆ ಸಿಟ್ಟು ಮಾಡುವುದು ಕಷ್ಟವೆಂಬುದೇ ದಕ್ಷಿಣಾಮೂರ್ತಿಯ ಸಿಟ್ಟಿಗೆ ದೊಡ್ಡ ಕಾರಣ.

ಪಟ್ಟಿಯನ್ನು ಬೋರ್ಡಿನ ಮೇಲೆಯೇ ಅಂಟಿಸುವುದೆಂದು ಅವನು ಮೊದಲೇ ತೀರ್ಮಾನಿಸಿದ್ದ. ಟೇಪಿನಲ್ಲಿ ಅವನಿಗೆ ನಂಬಿಕೆಯಿಲ್ಲ. ಮನೆಯಲ್ಲಿ ಮೈದಾ ಹಿಟ್ಟು ಕಾಯಿಸಿ, ಆಫೀಸಿನ ಹಳೆಯ ಪ್ಯೂನ್ ಹೇಳಿಕೊಟ್ಟಂತೆ ಗಟ್ಟಿಯಾಗಿ ಹಿಡಿಯಲೆಂದು ಒಂದು ಉಂಡೆ ಬೆಲ್ಲ ಹಾಕಿ ಅಂಟು ಮಾಡಿ ತಂದಿದ್ದ. ಅವನು ಹಚ್ಚತೊಡಗಿದಾಗ ಮಹಂತೇಶರು ಪಕ್ಕದಲ್ಲಿ ನಿಂತು ನೋಡಿದರು.

“ಛಲೋ ಆತು ಬಿಡ್ರಿ. ನನಗೂ ದಿನಾ ಬೋರ್ಡ್ ಒರಸೂ ಕೆಲಸಾ ತಪ್ಪಿತು.”

“ಒರೆಸ್ತಾ ಇದ್ದದ್ದು ನೀವಾ?”

“ಮತ್ತ? ದಿನಾ ಐದಕ್ಕ ಒದ್ದಿ ಬಟ್ಟಿ ತಗೊಂಡು ಹಿಂದಿನ ದಿನದ್ದೆಲ್ಲಾ ಒರಸಿಬಿಡ್ತಿದ್ದೆ. ಕನ್ನಡಕ ಇರೂದಿಲ್ಲ ನೋಡ್ರಿ, ಯಾರು ಏನು ಬರದಾರ ತಿಳಿಯೂದಿಲ್ಲ. ಆಮ್ಯಾಲ ಫೋನಿನ್ಯಾಗ ಹೇಳಿದವರ ಹೆಸರು ಬರೀತಿದ್ದೆ.”

ದಕ್ಷಿಣಾಮೂರ್ತಿ ಮೂರು ವಾರ ಸಾಕಿ ಬೆಳೆಸಿದ್ದ ಒಂದು ಅವಮಾನ ಯಾರೂ ಮಾಡದೆ ಹೋದ ಅವಮಾನವಾಗಿತ್ತು. ಪಟ್ಟಿಯನ್ನು ಮಡಚಿ ಜೇಬಿಗಿಡಬಹುದಿತ್ತು. ಆದರೆ ಅಂಟು ಒಣಗುತ್ತಿತ್ತು.

ಅಂಟಿಸಿದ.

ಎಲ್ಲರೂ ಬಂದು ತಮ್ಮ ತಮ್ಮ ಹೆಸರಿನ ಮುಂದಿನ ಹೊತ್ತು ನೋಡಿಕೊಂಡರು. ದಿಲೀಪ್ ಮಾತ್ರ ಕೈ ಕಟ್ಟಿಕೊಂಡು ಒಂದನೆಯದರಿಂದ ಒಂಬತ್ತನೆಯದರವರೆಗೆ ನಿಧಾನವಾಗಿ ಓದಿ, ದಕ್ಷಿಣಾಮೂರ್ತಿಯ ಕಡೆ ಒಮ್ಮೆ ವಿಚಿತ್ರವಾಗಿ ನೋಡಿ, ಸರಿದು ನಿಂತ. ಜಲಜಾಕ್ಷಿ ಸುಮ್ಮನಿರುವವಳಲ್ಲ. ಅವಳು ಬ್ಯಾಂಕ್ ಮ್ಯಾನೇಜರು, ಮೂಲ ಪುತ್ತೂರು. ಹನ್ನೆರಡು ವರ್ಷದ ಮಗಳು ಪ್ರಜ್ಞಾಗೆ ಲಡ್ಡು ಎಂಬ ಗಿಡ್ಡ ಕುದುರೆ ಕೊಡಿಸಿದ್ದಳು.

“ಎಂತ ಸರ್ ಇದು, ನನ್ನ ಮಗಳಿಗೆ ಆರೂವರೆಯಾ? ಪ್ರತಿ ವಾರವೂ ಆರೂವರೆಯಾ? ವಾರವಾರ ಬದಲಿಸಿದ್ರೆ ಎಲ್ಲರಿಗೂ ಎಲ್ಲವೂ ಸಿಗ್ತದಲ್ಲ.”

ಇದು ಒಂದೇ ಸಾಲಿನಲ್ಲಿ ಮುಗಿಯುವ ನ್ಯಾಯವೆಂದು ದಕ್ಷಿಣಾಮೂರ್ತಿಗೆ ಗೊತ್ತಿತ್ತು. ಅದಕ್ಕೇ ಉತ್ತರ ಸಿದ್ಧವಾಗಿಟ್ಟುಕೊಂಡಿದ್ದ. “ಐದನೇ ನಿಯಮ ನೋಡಿ ಮೇಡಂ. ಮೂರು ತಿಂಗಳಿಗೊಮ್ಮೆ ಪುನರ್ ಪರಿಶೀಲನೆ.”

“ಮೂರು ತಿಂಗಳಾಗುವಾಗ ಬಿಸಿಲೇ ಮುಗೀತದೆ ಮಾರಾಯ್ರೆ.” ಜಲಜಾಕ್ಷಿ ಫೋನು ತೆಗೆದು ಮಗಳ ಹೆಸರಿದ್ದ ಸಾಲಿನ ಫೋಟೋ ಮಾತ್ರ ತೆಗೆದುಕೊಂಡಳು, ಸಾಕ್ಷಿಗೆ.

ನಾಲ್ಕನೆಯ ಸವಾರ ಅಕ್ಷಯ್, ದಾವಣಗೆರೆಯ ಹುಡುಗ. ಓಲ್ಡ್ ರಾಜಿಂದರ್ ನಗರದ ಕೋಣೆಯಲ್ಲಿದ್ದು ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದ. ಹೋದ ಸಲ ಸಂದರ್ಶನದ ಅರ್ಜಿಯಲ್ಲಿ ಹವ್ಯಾಸ ಎಂಬಲ್ಲಿ ‘ಕುದುರೆ ಸವಾರಿ’ ಎಂದು ಬರೆದಿದ್ದ, ಕೇಳಲು ಚೆನ್ನಾಗಿರುತ್ತದೆಂದು. ಒಳಗೆ ಕೂತಿದ್ದವರಲ್ಲಿ ಒಬ್ಬರಿಗೆ ನಿಜವಾಗಿಯೂ ಕುದುರೆ ಗೊತ್ತಿತ್ತು. ಅಂದಿನಿಂದ ಅವನು ಮಹಂತೇಶರ ಹಳೆಯ ಕುದುರೆಯ ಮೇಲೆ ಪ್ರತಿ ಭಾನುವಾರ ಹವ್ಯಾಸ ಬೆಳೆಸುತ್ತಿದ್ದಾನೆ.

“ಸರ್, ಎರಡನೇ ನಿಯಮದಲ್ಲಿ ‘ದೂರ’ ಅಂದ್ರೆ ರಸ್ತೆ ದೂರನಾ, ನೇರ ದೂರನಾ? ವ್ಯಾಖ್ಯೆ ಕೊಟ್ಟಿಲ್ಲ.”

“ನಿನ್ನ ಸರದಿ ಶುರುವಾಗಿದೆಯಪ್ಪ. ಐದು ಮೂವತ್ತೊಂದು.”

ಅಕ್ಷಯ್ ಹೋಗಿ ಕುದುರೆ ಹತ್ತಿದ. ಎಲ್ಲ ಅಂದುಕೊಂಡಂತೆ ನಡೆಯುತ್ತಿತ್ತು. ಗೌರಿಗೆ ಜೀನು ಕಟ್ಟಿ ಆಗಿತ್ತು. ಬಿಳಿ ಮೈ ಉಜ್ಜಿ ಉಜ್ಜಿ ಅದು ಆಗತಾನೇ ತೊಳೆದಿಟ್ಟ ಇಡ್ಲಿಯ ಅಕ್ಕಿಯ ಹಾಗೆ ಕಾಣುತ್ತಿತ್ತು. ಅತ್ತೆ ಫೋನನ್ನು ಸೆರಗಿನಿಂದ ಒರೆಸಿ ಮಡಿಲಲ್ಲಿಟ್ಟುಕೊಂಡಿದ್ದರು. ಅಕ್ಷಯ್ ಇಳಿದ ಕೂಡಲೇ ದಿಲೀಪನ ಹೆಸರು ಸೂಚಿಸುವುದು, ಚಪ್ಪಾಳೆ, ಆಮೇಲೆ ಸವಾರಿ, ಫೋಟೋ. ದಕ್ಷಿಣಾಮೂರ್ತಿ ಒಳಗೊಳಗೇ ಒಂದು ಸಲ ಓದಿಕೊಂಡ: “ನಮ್ಮ ದಿಲೀಪ್ ಅವರಿಗಿಂತ ಯೋಗ್ಯರು ಯಾರಿದ್ದಾರೆ.” ಹೊಟ್ಟೆಯಲ್ಲಿ ಹತ್ತೊಂಬತ್ತು ವರ್ಷದಿಂದ ಉರಿಯುತ್ತಿದ್ದುದು ಆ ವಾಕ್ಯಕ್ಕೆ ತಣ್ಣಗಾದಂತಿತ್ತು.

ಆಗ ನೀರಿನ ಟ್ಯಾಂಕರ್ ಬಂತು.

ಅದು ದಿನಾ ಬರುತ್ತಿದ್ದದ್ದು ಆರಕ್ಕೆ ತುಸು ಮುಂಚೆ, ಐದೂವರೆಯ ಸವಾರ ಇಳಿದು ಮೈದಾನ ಖಾಲಿಯಾದ ಮೇಲೆ. ಆದರೆ ದಕ್ಷಿಣಾಮೂರ್ತಿ ಮೂರನೆಯ ನಿಯಮದಲ್ಲಿ, ತನ್ನ ಸರದಿಗೆ ನೆಲ ತೇವವಾಗಿರಲೆಂದು, ‘ಆರಕ್ಕೆ ಮುಂಚಿನ ಹದಿನೈದು ನಿಮಿಷದಲ್ಲಿ ಕಡ್ಡಾಯವಾಗಿ’ ಎಂದು ಬರೆದು, ಡ್ರೈವರಿಗೆ ಹಿಂದಿಯಲ್ಲಿ ಬೇರೆಯಾಗಿ ಚೀಟಿಯನ್ನೂ ಕೊಟ್ಟಿದ್ದ. ಅದೇ ಹೊತ್ತಿಗೆ ಮೈದಾನದೊಳಗೆ ಅಕ್ಷಯ್ ಇರುತ್ತಾನೆಂಬುದು ಅವನಿಗೆ ಹೊಳೆದಿರಲಿಲ್ಲ. ಡ್ರೈವರ್ ಗೇಟು ತೆಗೆದು ನೇರ ಒಳಗೆ ನುಗ್ಗಿದ.

“ಭಯ್ಯಾ, ರುಕೋ, ರುಕೋ,” ಎನ್ನುತ್ತ ದಕ್ಷಿಣಾಮೂರ್ತಿ ತಡೆಯಲು ಓಡಿದ. ಡ್ರೈವರ್ ಕಿಟಕಿಯಿಂದ ಚೀಟಿ ಹೊರಚಾಚಿ ತೋರಿಸಿ, ನಲ್ಲಿ ತಿರುಗಿಸಿದ. ಎರಡೂ ಬದಿಗೆ ನೀರು ಚಿಮ್ಮಿತು. ಮುದಿ ಕುದುರೆ ಮೊದಲು ಆಶ್ಚರ್ಯಪಟ್ಟಿತು, ಆಮೇಲೆ ಕೂತುಕೊಂಡಿತು. ಅಕ್ಷಯ್ ಅದರ ಬೆನ್ನಿನಿಂದ ಜಾರುಬಂಡೆಯಲ್ಲಿ ಜಾರುವ ಮಗುವಿನಂತೆ ಬಾಲದ ಕಡೆಯಿಂದ ಇಳಿದ. ಇಳಿದದ್ದು ಕೆಸರಿಗೆ.

ಎದ್ದು ಬಂದವನ ಮೊದಲ ಮಾತು, “ಸರ್, ನನ್ನ ಹದಿನೈದು ನಿಮಿಷ ಹೋಯ್ತು.”

“ಪೆಟ್ಟಾಯ್ತೇನಪ್ಪಾ?”

“ಇಲ್ಲ ಸರ್. ಆದ್ರೆ ಹದಿನೈದು ನಿಮಿಷ ಹೋಯ್ತು. ಅದನ್ನ ಆರು ಗಂಟೆಯಿಂದ ಕೊಡ್ಬೇಕಾಗುತ್ತೆ. ಸಮಾನತೆ.”

“ಅದು ಹೇಗೆ?” ಎಂದಳು ಜಲಜಾಕ್ಷಿ. “ಆಮೇಲೆ ಎಲ್ಲರದ್ದೂ ಹದಿನೈದು ಮುಂದೆ ಹೋಗ್ತದೆ. ನನ್ನ ಮಗಳು ಬೇಯಬೇಕಾ?”

“ರೂಲಿನ್ಯಾಗ ಏನೈತಿ ನೋಡೋಣು ಬರ್ರಿ,” ಎಂದರು ಮಹಂತೇಶರು.

ಎಲ್ಲರೂ ಬೋರ್ಡಿನ ಕಡೆ ತಿರುಗಿದರು. ಅಲ್ಲಿ ಪ್ರಜ್ಞಾ ಒಬ್ಬಳೇ ನಿಂತಿದ್ದಳು, ಲಡ್ಡುವಿನ ಹಗ್ಗ ಹಿಡಿದು.

“ಅಮ್ಮಾ, ಲಡ್ಡು ಪೇಪರ್ ಖಾ ಗಯಾ, ಪೂರಾ ತಿಂದ,” ಎಂದಳು. “ಮೈನೆ ರೋಕಾ ಥಾ. ಅವನು ಕೇಳಲಿಲ್ಲ.”

ಬೆಲ್ಲದ ಅಂಟು. ಬೋರ್ಡನ್ನು ಲಡ್ಡು ನೆಕ್ಕಿ ನೆಕ್ಕಿ ಬೆಳಗಿಟ್ಟಿತ್ತು. ಮೂಲೆಯಲ್ಲಿ ಬೆರಳಗಲದ ಒಂದು ಚೂರು ಉಳಿದಿತ್ತು, ಅದರಲ್ಲಿ ದಕ್ಷಿಣಾಮೂರ್ತಿಯ ಸಹಿ ಅರ್ಧ. ಅವರು ನೋಡುತ್ತಿದ್ದಂತೆಯೇ ಲಡ್ಡು ಕತ್ತು ಚಾಚಿ ಅದನ್ನೂ ತೆಗೆದುಕೊಂಡಿತು.

“ನಿಮಗೆ ಕೊಟ್ಟ ಪ್ರತಿ ಸಾರ್?” ದಕ್ಷಿಣಾಮೂರ್ತಿ ಮಹಂತೇಶರನ್ನು ಕೇಳಿದ.

“ಅಂಗಿ ಕಿಸೆದಾಗ ಇಟ್ಟಿದ್ದೆ. ಅಂಗಿ ಧೋಬಿ ಕಡೆ ಹೋತು.”

“ಅಕ್ಷಯ್, ನೀನು ಫೋಟೋ ತೆಗೆದಿರ್ಬೇಕಲ್ಲ?”

ಅಕ್ಷಯ್ ಜೇಬಿನಿಂದ ಹಳೆಯ ಗುಂಡಿಯ ಫೋನು ತೆಗೆದು ತೋರಿಸಿದ. “ಓದೋಕೆ ತೊಂದರೆ ಅಂತ ಸ್ಮಾರ್ಟ್‌ಫೋನ್ ಬಿಟ್ಟಿದೀನಿ ಸರ್.”

ಜಲಜಾಕ್ಷಿಯ ಫೋನಿನಲ್ಲಿ ಒಂದೇ ಸಾಲಿತ್ತು: ಪ್ರಜ್ಞಾ, ಆರೂವರೆ.

ಐದು ಐವತ್ತೆರಡು. ಬಿಸಿಲು ನೀಲಗಿರಿಯ ತುದಿ ಮುಟ್ಟಿತ್ತು. ದಕ್ಷಿಣಾಮೂರ್ತಿಗೆ ಒಂದೇ ಚಿಂತೆ, ಈ ಗಲಾಟೆಯಲ್ಲಿ ಆರು ಗಂಟೆ ಕೈತಪ್ಪಬಾರದು. “ಪಟ್ಟಿ ಹೋದ್ರೆ ಹೋಗ್ಲಿ,” ಎಂದ ಗಂಟಲು ಸರಿಮಾಡಿಕೊಂಡು. “ಅದರ ಒಂಬತ್ತೂ ನಿಯಮ ನನಗೆ ಬಾಯಿಗೆ ಬರುತ್ತೆ. ಅಕ್ಷರ ತಪ್ಪದೆ.”

“ಅದು ಸರಿ ಸಾಹೇಬ್ರ, ಆದ್ರ ಇದನ್ನ ನಡಸಾಕ ಒಬ್ಬ ಮನಷ್ಯಾ ಬೇಕಲ್ರಿ. ಇಲ್ಲಾಂದ್ರ ದಿನಾ ಇದಽ ಹಾಡು. ಉಸ್ತುವಾರಿ ಅಂತೇನೋ ಬರದಿದ್ರೆಲ್ಲ.”

ಇದೇ ಗಳಿಗೆ. ದಕ್ಷಿಣಾಮೂರ್ತಿ ಬಾಯಿ ತೆರೆದ. “ನಮ್ಮ...”

“ಭಾವನೇ ಆಗಲಿ,” ಎಂದ ದಿಲೀಪ್.

ಎಲ್ಲರೂ ತಿರುಗಿದರು. ದಿಲೀಪ್ ಎರಡು ಹೆಜ್ಜೆ ಮುಂದೆ ಬಂದಿದ್ದ. ಯಾವತ್ತೂ ಇಲ್ಲದ ಗಂಭೀರ ಮುಖ. “ಭಾವನಷ್ಟು ನ್ಯಾಯಸ್ಥರು ನಮ್ಮಲ್ಲಿ ಯಾರೂ ಇಲ್ಲ. ಎರಡು ವಾರ ನಮಗೋಸ್ಕರ ಕೂತು ಬರೆದಿದ್ದಾರೆ. ನಾನು ಅವರ ಹೆಸರು ಹೇಳ್ತೇನೆ.”

“ಅಡ್ಡಿಯಿಲ್ಲ. ಬಾಯಿಪಾಠ ಇರುವುದು ಅವರಿಗೇ ಅಲ್ವಾ,” ಎಂದಳು ಜಲಜಾಕ್ಷಿ.

“ಅನುಮೋದನೆ,” ಎಂದ ಅಕ್ಷಯ್, ಕೆಸರು ಒರೆಸಿಕೊಳ್ಳುತ್ತ.

ದಕ್ಷಿಣಾಮೂರ್ತಿ ಬೇಡವೆನ್ನಬೇಕಿತ್ತು. ಬೇಡವೆನ್ನಲು ತುಟಿ ಸೇರಿಸಿಯೂ ಇದ್ದ. ಆಗ ಬೇವಿನ ಮರದ ಕಡೆಯಿಂದ ವಿಜಯಮ್ಮನ ದನಿ ಕೇಳಿಸಿತು. ಮಗಳಿಗೆ ಹೇಳುತ್ತಿದ್ದರು, “ನೋಡಿದ್ಯೇನೆ ಲಾವಣ್ಯಾ, ಎಲ್ಲರೂ ನಿನ್ನ ಗಂಡನ್ನೇ ಕೇಳ್ತಿದಾರೆ. ದೊಡ್ಡಳಿಯಂದ್ರು ಅಂದ್ರೆ ಸುಮ್ನೆ ಅಲ್ಲ.”

ಹತ್ತೊಂಬತ್ತು ವರ್ಷ. ದೀಪಾವಳಿಗಳು, ನಾಮಕರಣಗಳು, ಗೃಹಪ್ರವೇಶಗಳು. ಒಂದು ಸಲವೂ ಕೇಳಿರದ ವಾಕ್ಯ. ಅವನ ಕಿವಿಯಲ್ಲಿ ಅದು ಸುತ್ತು ಹೊಡೆಯುತ್ತಿರುವಾಗಲೇ ಮಹಂತೇಶರು ಸೈನ್ಯದ ಕಾಲದ ಹಿತ್ತಾಳೆ ಸೀಟಿಯನ್ನು ಅವನ ಕೊರಳಿಗೆ ಹಾಕಿದರು. ಚಪ್ಪಾಳೆ ಬಿತ್ತು. ಅದು ಅವನು ಎಣಿಸಿದ್ದ ಚಪ್ಪಾಳೆಯೇ, ಬೇರೆ ಕೊರಳಿಗೆ ಬಿದ್ದಿತ್ತು ಅಷ್ಟೇ. ಅವನು ನಕ್ಕ. ದಿಲೀಪ್ ನಗುವ ಹಾಗೆಯೇ ನಕ್ಕ.

“ಈಗ ರೂಲ್ಸ್ ಹೇಳಿ ಸರ್, ಎಲ್ಲವನ್ನೂ,” ಎಂದಳು ಜಲಜಾಕ್ಷಿ. “ಲಡ್ಡು ಹೊಟ್ಟೆಗೆ ಹೋದದ್ದು ನಮಗೂ ಗೊತ್ತಾಗಲಿ.”

ದಕ್ಷಿಣಾಮೂರ್ತಿ ಕೈ ಹಿಂದೆ ಕಟ್ಟಿ ನಿಂತ. ಕತ್ತು ಸ್ವಲ್ಪ ಎತ್ತಿದ, ಅತ್ತೆಗೂ ಕೇಳಲೆಂದು. ಒಂದನೆಯದನ್ನು ಹೇಳಿದ. ಎರಡನೆಯದನ್ನು ಹೇಳಿದ. ಮೂರನೆಯದನ್ನು ಬೇಗ ಹೇಳಿದ. ನಾಲ್ಕು, ಐದು. ಅವನ ದನಿ ತನಗೇ ಇಂಪಾಗಿ ಕೇಳುತ್ತಿತ್ತು. ಆಫೀಸಿನಲ್ಲಿ ಅವನು ಬರೆದದ್ದನ್ನು ಯಾರೂ ಗಟ್ಟಿಯಾಗಿ ಓದಿದ್ದಿಲ್ಲ. ಆರು: “ಮೈದಾನಕ್ಕೆ ಒಬ್ಬ ಉಸ್ತುವಾರಿಯನ್ನು ಸರ್ವರೂ ಕೂಡಿ ಆರಿಸತಕ್ಕದ್ದು.” ಎಲ್ಲರೂ ಅವನನ್ನು ನೋಡಿ ತಲೆಯಾಡಿಸಿದರು.

ಆರಾದ ಮೇಲೆ ಎಂಟು ಹೇಳಬಹುದಿತ್ತು. ಕಾಗದ ಕುದುರೆಯ ಹೊಟ್ಟೆಯಲ್ಲಿತ್ತು. ಕೇಳುವವರು ಯಾರೂ ಇರಲಿಲ್ಲ. ಆದರೆ ಇಪ್ಪತ್ನಾಲ್ಕು ವರ್ಷ ಕಡತದ ಹಾಳೆಗಳಿಗೆ ಕ್ರಮಸಂಖ್ಯೆ ಹಾಕಿದ ನಾಲಿಗೆ ಅದು. ಅವನು ತಡೆಯುವ ಮೊದಲೇ ಅದು ಏಳಕ್ಕೆ ಹೋಗಿತ್ತು.

“ಏಳು. ಪಕ್ಷಪಾತ ಬಾರದಿರಲೆಂದು, ಉಸ್ತುವಾರಿಯು ಸರದಿಯ ಹೊತ್ತಿನಲ್ಲಿ...”

ನಿಂತ.

ಮೈದಾನದಲ್ಲಿ ಟ್ಯಾಂಕರಿನ ಕೊನೆಯ ಹನಿಗಳು ಮರಳಿಗೆ ಬೀಳುವ ಸದ್ದು ಕೇಳಿಸುತ್ತಿತ್ತು. ಗೌರಿ ಕಿವಿ ತಿರುಗಿಸಿತು. ಮಾತು ನಿಂತ ಕಡೆ ಏನಿದೆಯೆಂದು ಎಲ್ಲರೂ ಹುಡುಕುವಂಥ ಮೌನ ಅದು. ಅಂಥ ಮೌನದಲ್ಲಿ ಬಚ್ಚಿಟ್ಟುಕೊಂಡೇ ಬದುಕಿದವನಿಗೆ ಈ ಸಲ ಅಲ್ಲಿ ಜಾಗ ಸಿಗಲಿಲ್ಲ.

“ಹೊತ್ತಿನಲ್ಲಿ?” ಎಂದ ಅಕ್ಷಯ್.

“...ಯಾವ ಕುದುರೆಯನ್ನೂ ಹತ್ತತಕ್ಕದ್ದಲ್ಲ.”

“ಎಂಟು?”

“ಅವಧಿ ಒಂದು ವರ್ಷ. ನಡುವೆ ಬಿಡುವಂತಿಲ್ಲ.” ಇದು ಬಹಳ ಸಣ್ಣ ದನಿಯಲ್ಲಿ.

“ಅಯ್ಯೋ ಸರ್, ಎಂಥ ತ್ಯಾಗ,” ಎಂದಳು ಜಲಜಾಕ್ಷಿ. ನಿಜವಾಗಿಯೂ ಅವಳ ಕಣ್ಣು ಅರಳಿತ್ತು. “ನಾನು ಸುಮ್ಮನೆ ನಿಮ್ಮ ಮೇಲೆ ಸಂಶಯ ಮಾಡಿದೆ.”

“ಹಾಗಾದ್ರೆ ಸರ್, ನಿಮ್ಮ ಆರು ಗಂಟೆ ಖಾಲಿ ಬಿತ್ತು. ಅದು ಯಾರಿಗೆ?” ಎಂದ ಅಕ್ಷಯ್.

ದಕ್ಷಿಣಾಮೂರ್ತಿ ಒಂಬತ್ತನೆಯದನ್ನೂ ಹೇಳಿದ. ಪಟ್ಟಿಯ ಕೊನೆಯವನಿಗೆ. ಪಟ್ಟಿಯ ಕೊನೆಯಲ್ಲಿ ಅವನೇ ಕಷ್ಟಪಟ್ಟು ಕೂರಿಸಿದ್ದವನು ಯಾರೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

“ಭಾವ,” ಎಂದ ದಿಲೀಪ್ ಹತ್ತಿರ ಬಂದು, “ಬ್ಯಾರನ್‌ಗೆ ಇನ್ನೂ ಜೀನು ಹಾಕಿಲ್ಲ. ಗೌರಿ ತಯಾರಿದೆ. ನೀವು ಒಪ್ಪಿದ್ರೆ...”

ಅತ್ತೆ ನೋಡುತ್ತಿದ್ದರು. ದಕ್ಷಿಣಾಮೂರ್ತಿ ಗೌರಿಯನ್ನು ಗೂಟದಿಂದ ಬಿಚ್ಚಿ ಲಗಾಮನ್ನು ಷಡ್ಡಕನ ಕೈಗಿಟ್ಟ.

ಆರು ಗಂಟೆಗೆ ಸರಿಯಾಗಿ ಅವನು ಮೈದಾನದ ನಡುವೆ ನಿಂತು ಸೀಟಿ ಊದಿದ. ಗೌರಿ ಹೊರಟಿತು. ಮೊದಲು ನಡಿಗೆ, ಆಮೇಲೆ ಕುಲುಕು ಓಟ, ಆಮೇಲೆ, ಅವನ ಕೈಯಲ್ಲಿ ಹನ್ನೊಂದು ತಿಂಗಳು ಬೇಡಿದರೂ ನಾಲ್ಕು ಸುತ್ತಿಗೆ ಒಮ್ಮೆ ಮಾತ್ರ ಕೊಡುತ್ತಿದ್ದ ಆ ಹದವಾದ ಓಟ. ತೇವದ ಮರಳಿನ ಮೇಲೆ ಗೊರಸು ಮದ್ದಲೆಯ ಹಾಗೆ ನುಡಿಯಿತು. ನೀಲಗಿರಿಯ ನೆರಳು ಅದರ ಬಿಳಿ ಮೈಮೇಲೆ ಪಟ್ಟೆಪಟ್ಟೆಯಾಗಿ ಹರಿಯಿತು. ಕಿವಿ ಮುಂದಕ್ಕೆ, ಬಾಲ ಮೇಲಕ್ಕೆ. ಯಾರೋ ಹೊಸಬನ ಮುಂದೆ ನಮ್ಮವರು ಹೆಚ್ಚು ಚೆನ್ನಾಗಿ ನಗುತ್ತಾರಲ್ಲ, ಹಾಗೆ ಓಡಿತು. ದಕ್ಷಿಣಾಮೂರ್ತಿ ನಡುವೆ ನಿಂತು ನಿಂತಲ್ಲೇ ಸುತ್ತುತ್ತಿದ್ದ, ರುಬ್ಬುವ ಗುಂಡಿನಂತೆ. ಅಷ್ಟು ದಿನ ದಿಲೀಪನ ಕುದುರೆಯ ಮೇಲೆ ಹೊಟ್ಟೆಕಿಚ್ಚುಪಟ್ಟಿದ್ದ. ಈಗ ತನ್ನ ಕುದುರೆಯ ಮೇಲೆಯೇ ಪಡುತ್ತಿದ್ದ. ಇದು ಹೆಚ್ಚು ಉರಿಯಿತು.

ಅರ್ಧ ಗಂಟೆಯಾದ ಮೇಲೆ ದಿಲೀಪ್ ಇಳಿದ. ಕಣ್ಣು ಒದ್ದೆಯಾಗಿತ್ತು. ಗೌರಿಯ ಕತ್ತು ಸವರುತ್ತ ಮೆಲ್ಲಗೆ ಹೇಳಿದ, “ಭಾವ, ಒಂದು ಮಾತು. ಸುಶೀಲಾಗೆ ಹೇಳ್ಬೇಡಿ.”

“ಏನು?”

“ನಂಗೆ ಆ ಬ್ಯಾರನ್ ಕಂಡ್ರೆ ಹೆದರಿಕೆ. ಎಂಟು ತಿಂಗಳಲ್ಲಿ ಒಂದಿನವೂ ಓಡ್ಸಿಲ್ಲ. ಎರಡು ಸುತ್ತು ನಡೆಸಿ ಇಳೀತೇನೆ. ಆರು ಗಂಟೆಗೇ ಬರ್ತಿದ್ದದ್ದೂ ಅದಕ್ಕೇ, ಆಗ ನೀವೆಲ್ಲ ಜೀನು ಕಟ್ಟೋದ್ರಲ್ಲಿ ಇರ್ತೀರಿ, ಯಾರೂ ನೋಡೂದಿಲ್ಲ. ಆ ಷೋಕೇಸಿನ ಫೋಟೋ ಇದೆಯಲ್ಲ, ಅದ್ರಲ್ಲಿ ಎರಡೂ ಕಡೆ ಇಬ್ಬರು ಹಿಡ್ಕೊಂಡಿದ್ರು. ಕತ್ತರಿಸಿ ಕಳ್ಸಿದ್ದು. ನೀವು ಗೌರಿ ಮೇಲೆ ಹೋಗೂದು ನೋಡಿ ನಂಗೆ ಎಷ್ಟು ಹೊಟ್ಟೆ ಉರೀತಿತ್ತು ಗೊತ್ತುಂಟಾ?”

ದಕ್ಷಿಣಾಮೂರ್ತಿಗೆ ಜೀವಮಾನದಲ್ಲೇ ಇಷ್ಟು ಸಿಹಿಯಾದ ಮಾತನ್ನು ಯಾರೂ ಹೇಳಿರಲಿಲ್ಲ. ಅದು ಸಿಕ್ಕಿದ್ದು ಅರ್ಧ ಗಂಟೆ ತಡವಾಗಿ.

“ಹಾಗಾದ್ರೆ,” ಎಂದ ನಿಧಾನವಾಗಿ, “ಉಸ್ತುವಾರಿ ನಿನ್ನನ್ನ ಮಾಡಿದ್ದಿದ್ರೆ?”

“ಕಾಲಿಗೆ ಬೀಳ್ತಿದ್ದೆ ಭಾವ. ಒಂದು ವರ್ಷ ಮರ್ಯಾದೆಯಾಗಿ ನೆಲದ ಮೇಲೆ ನಿಲ್ಲಬಹುದಿತ್ತು. ಏಳನೇ ನಿಯಮ ಓದಿದಾಗ ಒಮ್ಮೆ ಆಸೆಯೂ ಆಯ್ತು. ಆಮೇಲೆ ನಾಚಿಕೆಯಾಯ್ತು. ಅಂಥ ನಿಯಮ, ತಾನೇ ನಿಲ್ಲೂದಕ್ಕೆ ತಯಾರಿರುವವನು ಬಿಟ್ಟು ಬೇರೆ ಯಾರು ಬರೀತಾರೆ? ಅತ್ತೆ ಎದುರಿಗೆ ಆ ಗೌರವ ನಿಮಗೇ ಸಿಗಬೇಕು ಅಂತ ಹೆಸರು ಹೇಳಿದೆ.”

ಅವನ ಮುಖದಲ್ಲಿ ಕಪಟವನ್ನು ದಕ್ಷಿಣಾಮೂರ್ತಿ ಆಸೆಯಿಂದ ಹುಡುಕಿದ. ಸಿಗಲಿಲ್ಲ.

“ಏಳೂವರೆ ಮೇಲೆ ನೀವು ಬ್ಯಾರನ್ ಓಡ್ಸಬಹುದು ಭಾವ, ಎಷ್ಟು ಹೊತ್ತು ಬೇಕಾದ್ರೂ,” ಎಂದ ದಿಲೀಪ್. “ಆಗ ಮೈದಾನ ಪೂರ್ತಿ ಖಾಲಿ.”

ಆರೂ ಮುಕ್ಕಾಲಿಗೆ ವಿಜಯಮ್ಮ ಹೊರಟರು. ಕಾರಿನ ಕಿಟಕಿಯಿಂದ ದೊಡ್ಡ ಅಳಿಯನ ಕೈ ಹಿಡಿದು, “ಎಷ್ಟು ಜವಾಬ್ದಾರಿ ನಿಮಗೆ. ಫೋಟೋ ತೆಗೆದಿದೀನಿ, ಇಬ್ಬರೂ ಬಂದಿದೀರಿ. ಊರಿಗೆ ಹೋಗಿ ಕಟ್ಟು ಹಾಕಿಸ್ತೀನಿ,” ಎಂದರು.

ಸಂಜೆ ಫೋಟೋ ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಬಂತು. ಲಾವಣ್ಯಾ ಮೊದಲು ನೋಡಿ, ಫೋನನ್ನು ಗಂಡನ ಎದುರಿಗಿಟ್ಟು, ಅನ್ನಕ್ಕಿಡಲು ಎದ್ದು ಹೋದಳು. ನೀಲಗಿರಿಯ ನೆರಳಿನಲ್ಲಿ ದಿಲೀಪ್ ನೆಟ್ಟಗೆ ಕೂತಿದ್ದ. ಗೌರಿಯ ನಾಲ್ಕೂ ಕಾಲು ಗಾಳಿಯಲ್ಲಿತ್ತು. ಅದರ ಹೊಟ್ಟೆಯ ಕೆಳಗೆ, ಮುಂಗಾಲಿಗೂ ಹಿಂಗಾಲಿಗೂ ನಡುವಿನ ಬೆಳಕಿನಲ್ಲಿ, ಒಂದು ಜೊತೆ ಕಪ್ಪು ಬೂಟು ಮೊಣಕಾಲಿನವರೆಗೆ ಕಾಣುತ್ತಿತ್ತು.

ಅವನು ಬೆರಳಿಟ್ಟು ದೊಡ್ಡದು ಮಾಡಿ ನೋಡಿದ. ಬೂಟು ಅವನದೇ.